ಎರ್ಲೆನ್‌ರೀಡಿನ ಪುಟ

ಮೆಚ್ಚುಗೆಯ ಮೊದಲ ಮೇಲ್ ಬಂದದ್ದು ಅಕ್ಟೋಬರಿನ ಒಂದು ಗುರುವಾರ ಬೆಳಿಗ್ಗೆ. ವಿಜಯಶ್ರೀ ಅದನ್ನು ಎರಡು ಸಲ ಓದಿಕೊಂಡಳು. ಆಮೇಲೆ ಯೇನಾದಲ್ಲಿ ಕೂತು ಕೆಲಸ ಮಾಡುವ ವಿವಿಯನ್‌ಗೆ ಕಳಿಸಿದಳು. ನಿಮ್ಮ ಪುಟ ಇರದಿದ್ದರೆ ನಾನು ಇನ್ನೂ ಆಫೀಸಿನಿಂದ ಆಫೀಸಿಗೆ ಅಲೆಯುತ್ತಿದ್ದೆ ಎಂದು ಲೆಹ್ನರ್ ಎಂಬ ಕಟ್ಟಡ ಗುತ್ತಿಗೆದಾರ ಬರೆದಿದ್ದ. ವಿವಿಯನ್ ಉತ್ತರವಾಗಿ ಚಪ್ಪಾಳೆಯ ಚಿತ್ರಗಳ ಒಂದು ಸಾಲನ್ನೇ ಕಳಿಸಿದ.

ಜರ್ಮನಿಯ ರೇಗನ್ಸ್‌ಬರ್ಗಿನ ಆ ಸಣ್ಣ ಪ್ಲಾನಿಂಗ್ ಆಫೀಸಿಗೆ ಅವಳು ಸೇರಿದ್ದು ವಸಂತದಲ್ಲಿ. ಬಾಗಲಕೋಟೆಯಲ್ಲಿ ಸಿವಿಲ್ ಇಂಜಿನಿಯರಿಂಗ್ ಓದಿ, ಮದುವೆಯಾಗಿ, ಗಂಡ ಸಂತೋಷಕುಮಾರನ ಜೊತೆ ಇಲ್ಲಿಗೆ ಬಂದ ಮೇಲೆ ಭಾಷೆ ಕಲಿಯುವುದರಲ್ಲಿ, ಮಗಳು ಪವಿಯನ್ನು ಬೆಳೆಸುವುದರಲ್ಲಿ ವರ್ಷಗಳು ಕಳೆದುಹೋಗಿದ್ದವು. ಓದಿದ ಓದೆಲ್ಲ ತುಕ್ಕು ಹಿಡಿಯಿತೆಂದು ಅವಳು ಕೈಬಿಟ್ಟಿದ್ದ ಹೊತ್ತಿಗೆ ಆಫೀಸಿನ ಒಡತಿ ಫ್ರೌ ರೌಷರ್ ಅವಳನ್ನು ಕರೆದು ಈ ಕೆಲಸ ಕೊಟ್ಟಿದ್ದಳು.

ಕೆಲಸವೇನೆಂದರೆ, ಕಟ್ಟಡಕ್ಕೆಂದು ಗುಂಡಿ ತೋಡಿದರೆ ಅದರಲ್ಲಿ ಮಳೆನೀರು ನಿಲ್ಲುತ್ತದೆ. ನಿಂತ ನೀರನ್ನು ಪಂಪು ಹಚ್ಚಿ ಹೊರಗೆ ಹಾಕಲೇಬೇಕು. ಹೊರಗೆ ಎಂದರೆ ಎಲ್ಲಿಗೆ? ಹಳ್ಳಕ್ಕೆ ಬಿಡಬಹುದೇ, ನೆಲಕ್ಕೆ ಇಂಗಿಸಬಹುದೇ, ಊರಿನ ಚರಂಡಿಗೆ ಸೇರಿಸಬಹುದೇ? ರಾಜ್ಯಕ್ಕೊಂದು ಕಾನೂನು, ಜಿಲ್ಲೆಗೊಂದು ರೂಢಿ, ಪಂಚಾಯ್ತಿಯಂಥ ಗೆಮೈಂಡೆಗೊಂದು ಕಟ್ಟಳೆ. ಯಾರ ಅನುಮತಿ ಬೇಕು, ಯಾವ ಕಾಗದ ಕೊಡಬೇಕು ಎಂಬುದು ಹಳೆಯ ಗುತ್ತಿಗೆದಾರರಿಗೂ ಬಗೆಹರಿಯುತ್ತಿರಲಿಲ್ಲ. ಇದನ್ನೆಲ್ಲ ಒಂದೇ ಕಡೆ ಕೂಡಿಸಿ, ಪಿನ್‌ಕೋಡ್ ಒತ್ತಿದರೆ ಆ ಊರಿನ ನಿಯಮ ತೆರೆದುಕೊಳ್ಳುವಂಥ ವೆಬ್‌ಸೈಟ್ ಮಾಡಬೇಕೆಂಬುದು ಫ್ರೌ ರೌಷರಳ ಯೋಚನೆ. ನಿಯಮಗಳನ್ನು ಓದಿ ಸರಳವಾಗಿ ಬರೆಯುವವಳು ವಿಜಯಶ್ರೀ. ಸೈಟ್ ಕಟ್ಟುವವನು ವಿವಿಯನ್. ಮಂಗಳೂರಿನ ಹುಡುಗ, ಯೇನಾದಲ್ಲಿ ಓದು ಮುಗಿಸಿ ಅಲ್ಲೇ ಉಳಿದು ಹೊರಗುತ್ತಿಗೆಯ ಮೇಲೆ ದುಡಿಯುತ್ತಿದ್ದ. ಇಬ್ಬರೂ ಮುಖಾಮುಖಿ ಭೇಟಿಯಾದದ್ದು ಒಂದೇ ಸಲ.

ಕಾನೂನಿನ ಜರ್ಮನ್ ಅವಳನ್ನು ಹೆದರಿಸುತ್ತಿತ್ತು. ವಾಕ್ಯ ಉದ್ದವಾದದ್ದಕ್ಕಲ್ಲ, ಕ್ರಿಯಾಪದಕ್ಕಾಗಿ ಕೊನೆಯವರೆಗೆ ಕಾಯುವುದು ಕನ್ನಡದವರಿಗೆ ಹೊಸದೇನಲ್ಲ. ಹೆದರಿಕೆಯೆಲ್ಲ ನಡುವೆ ಎಲ್ಲೋ ತೂರಿಕೊಂಡಿರುವ ಸಣ್ಣ ಮಾತುಗಳದ್ದು. ‘ಹೊರತು’ ಎನ್ನುವಂಥ ಒಂದು ಮಾತು ಕಣ್ಣು ತಪ್ಪಿದರೆ ಇಡೀ ಅರ್ಥ ಮಗುಚಿ ಬೀಳುತ್ತಿತ್ತು. ಒಂದೊಂದು ಪುಟ ಪ್ರಕಟವಾದಾಗಲೂ ಅವಳಿಗೆ ಮನೆಯಲ್ಲಿ ಗ್ಯಾಸ್ ಆರಿಸದೆ ಬಂದೆನೇನೋ ಎಂಬಂಥ ಕಳವಳ ಆಗುತ್ತಿತ್ತು. ಅದನ್ನು ಯಾರಿಗೂ ಹೇಳಿರಲಿಲ್ಲ. ಅವಳಿನ್ನೂ ಪ್ರೋಬೆಜೈಟ್‌ನಲ್ಲಿದ್ದಳು, ಆ ಪರೀಕ್ಷಾ ಅವಧಿ ಮುಗಿಯುವ ಮೊದಲು ಕಾರಣ ಹೇಳದೆಯೂ ಕೆಲಸದಿಂದ ತೆಗೆಯಬಹುದು.

ಲೆಹ್ನರನ ಮೇಲ್ ಬಂದ ಖುಷಿಯಲ್ಲಿ ಅವಳು ಅವನು ಹೇಳಿದ ಪುಟವನ್ನು ತೆರೆದು ನೋಡಿದಳು. ಎರ್ಲೆನ್‌ರೀಡ್ ಎಂಬ ಊರಿನ ಶಿಶುವಿಹಾರದ ಹಿಂದೆ ಅವನು ಮನೆಯೊಂದಕ್ಕೆ ಗುಂಡಿ ತೋಡಿದ್ದ. ಇಷ್ಟು ಸಣ್ಣ ಕೆಲಸಕ್ಕೆ ಗೆಮೈಂಡೆಗೆ ಮುಂಚಿತವಾಗಿ ತಿಳಿಸಿದರೆ ಸಾಕು ಎಂದು ಪುಟ ಹೇಳುತ್ತಿತ್ತು. ತಿಳಿಸಿದ್ದೇನೆ, ತಳಕ್ಕೆ ಕಾಂಕ್ರೀಟ್ ಹಾಕಿಸಿದ್ದೇನೆ, ನಾಳೆ ಜೋರು ಮಳೆಯಂತೆ, ಬೆಳಿಗ್ಗೆಯೇ ಪಂಪು ಹಚ್ಚಿ ನೀರನ್ನು ಹಳ್ಳಕ್ಕೆ ಬಿಡುತ್ತೇನೆ ಎಂದು ಅವನು ಬರೆದಿದ್ದ.

ಎರ್ಲೆನ್‌ರೀಡ್. ಆ ಹೆಸರನ್ನು ಬೇರೆ ಎಲ್ಲೋ ಟೈಪ್ ಮಾಡಿದ ನೆನಪು. ಅವಳು ತನ್ನ ಹಳೆಯ ಕರಡುಗಳಲ್ಲಿ ಹುಡುಕಿದಳು. ಸಿಕ್ಕಿತು. ಅವಳದೇ ವಾಕ್ಯ: ಎರ್ಲೆನ್‌ರೀಡ್ ಕುಡಿಯುವ ನೀರಿನ ಬಾವಿಗಳ ಸಂರಕ್ಷಿತ ವಲಯದಲ್ಲಿದೆ, ಇಲ್ಲಿ ತಿಳಿಸಿದರೆ ಸಾಲದು, ಜಿಲ್ಲಾ ಕಚೇರಿಯ ಲಿಖಿತ ಅನುಮತಿ ಇಲ್ಲದೆ ಒಂದು ಹನಿಯನ್ನೂ ಹಳ್ಳಕ್ಕೆ ಬಿಡುವಂತಿಲ್ಲ. ಸೈಟಿನಲ್ಲಿ ಆ ವಾಕ್ಯವೇ ಇರಲಿಲ್ಲ. ಅವಳು ಪುಟವನ್ನು ಮತ್ತೆ ಮತ್ತೆ ಲೋಡ್ ಮಾಡಿದಳು. ಇರಲಿಲ್ಲ.

ವಿವಿಯನ್‌ಗೆ ಫೋನ್ ಮಾಡಿದಾಗ ಅವನು ಮೊದಲು ನಗುತ್ತಲೇ ಮಾತಾಡಿದ. ಆಮೇಲೆ ಕೀಬೋರ್ಡಿನ ಸದ್ದು ಮಾತ್ರ ಕೇಳಿಸಿತು.

“ಎರ್ಲೆನ್‌ರೀಡ್ ಈಗ ಟಾಲ್‌ಹೋಫ್ ಗೆಮೈಂಡೆಗೆ ಸೇರಿದೆ ಅಲ್ವಾ,” ಅಂದ ಕೊನೆಗೆ. “ಎರಡು ಊರು, ಪಿನ್‌ಕೋಡ್ ಒಂದೇ. ನೀವು ಬರೆದ ಎಚ್ಚರಿಕೆ ಹಳೇ ಊರಿನ ಹೆಸರಲ್ಲಿ ಉಂಟು. ನನ್ನ ಪ್ರೋಗ್ರಾಂ ಮೊದಲು ಸಿಕ್ಕಿದ ಟಾಲ್‌ಹೋಫಿನ ನಿಯಮ ತೋರಿಸಿ ಸುಮ್ನಾಗ್ತದೆ. ಇದನ್ನು ನಾನು ನೋಡ್ಬೇಕಿತ್ತು.”

“ಲೈವ್ ಆದಮ್ಯಾಲ ನಾನೂ ಒಂದ್ ಸಲ ತೆಗದು ನೋಡ್ಬೇಕಿತ್ತು,” ಎಂದಳು ವಿಜಯಶ್ರೀ. “ವಿವಿಯನ್, ಇಂಥಾವು ಇನ್ನೂ ಎಷ್ಟ್ ಅದಾವ?”

ಮತ್ತೆ ಕೀಬೋರ್ಡಿನ ಸದ್ದು.

“ಗೊತ್ತಿಲ್ಲ ಮೇಡಂ. ಊರುಗಳು ಎಲ್ಲೆಲ್ಲಿ ವಿಲೀನ ಆಗಿವೆಯೋ ಅಲ್ಲೆಲ್ಲ ಇರಬಹುದು.”

ಆ ಪುಟವನ್ನು ಅವನು ಆಗಲೇ ಸರಿಮಾಡಿದ. ಆದರೆ ಲೆಹ್ನರ್ ಅದನ್ನು ಮತ್ತೆ ತೆರೆದು ನೋಡುವ ಸಂಭವವೇ ಇರಲಿಲ್ಲ. ಓದಿಯಾಗಿತ್ತು, ನಂಬಿಯಾಗಿತ್ತು.

ಫ್ರೌ ರೌಷರ್ ಮ್ಯೂನಿಕ್‌ನಲ್ಲಿದ್ದಳು. ಮರುದಿನ ಅಲ್ಲಿ ಕಟ್ಟಡ ಉದ್ಯಮಿಗಳ ಸಂಘದ ಮುಂದೆ ಇದೇ ಸೈಟನ್ನು ತೋರಿಸಬೇಕಿತ್ತು. ಮಧ್ಯಾಹ್ನ ಫೋನಿನಲ್ಲಿ ಸಿಕ್ಕವಳು ಎಲ್ಲವನ್ನೂ ಸಮಾಧಾನದಿಂದ ಕೇಳಿದಳು. ಪುಟ ಸರಿಯಾಗಿದೆ ತಾನೇ ಎಂದಳು. ಪ್ರತಿ ಪುಟದ ಬುಡದಲ್ಲೂ ಇದಕ್ಕೆ ನಾವು ಹೊಣೆಯಲ್ಲ ಎಂಬ ಸಾಲಿದೆ, ನಿಯಮ ಖಚಿತಪಡಿಸಿಕೊಳ್ಳುವುದು ಗುತ್ತಿಗೆದಾರನ ಜವಾಬ್ದಾರಿ ಎಂದಳು. ನೀನಾಗಿ ಅವನಿಗೆ ಫೋನ್ ಮಾಡಿದರೆ ತಪ್ಪು ನಮ್ಮದೆಂದು ಒಪ್ಪಿಕೊಂಡಂತೆ. ಹಾಗಾಗಿ ಮಾಡಬೇಡ, ಸೋಮವಾರ ನಾನು ಬಂದು ನೋಡುತ್ತೇನೆ. ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ವಿಜಯಶ್ರೀಗೆ ಎದುರು ಮಾತಾಡಲು ಸುಲಭವಾಗುತ್ತಿತ್ತೇನೋ.

ಸಂಜೆ ಊಟಕ್ಕೆ ಕೂತಾಗ ಚಪಾತಿ ಮುರಿದು ಮುರಿದು ತಟ್ಟೆಯಲ್ಲೇ ಇಡುತ್ತಿದ್ದ ಅಮ್ಮನನ್ನು ನೋಡಿ ಪವಿ, “ಮಾಮಾ, ಬಿಸ್ಟ್ ಡು ಕ್ರಾಂಕ್?” ಎಂದು, ಅಮ್ಮಾ ಹುಷಾರಿಲ್ಲವೇ ಎಂದು, ಜರ್ಮನ್‌ನಲ್ಲಿ ಕೇಳಿದಳು. ಹುಷಾರಿದ್ದೀನಿ ಪುಟ್ಟಿ ಎಂದು ಹೇಳಿ ವಿಜಯಶ್ರೀ ಅವಳನ್ನು ಆಟಕ್ಕೆ ಕಳಿಸಿದಳು. ಆಮೇಲೆ ಗಂಡನಿಗೆ ಎಲ್ಲ ಹೇಳಿದಳು. ಸಂತೋಷಕುಮಾರ ಕಾರಿನ ಬಿಡಿಭಾಗ ಮಾಡುವ ಕಾರ್ಖಾನೆಯಲ್ಲಿ ಇಂಜಿನಿಯರ್. ಯಾವ ಮಾತನ್ನೂ ಅಳೆದು ತೂಗಿಯೇ ಆಡುವವನು.

“ಬಾಸ್ ಬ್ಯಾಡ ಅಂದಾಳಲ್ಲ, ಮುಗೀತು,” ಅಂದ. “ಪ್ರೋಬೆಜೈಟ್ ಮುಗಿಯಾಕ ಬಂದೈತಿ. ಈಗ ಯಾಕ ಮೈಮ್ಯಾಲ ಹಾಕ್ಕೊಂತಿ?”

“ನಿಮ್ಮಲ್ಲಿ ಒಂದ್ ಪಾರ್ಟ್ ಕೆಟ್ಟದ್ದು ಹೋದ್ರ ಏನ್ ಮಾಡ್ತೀರಿ?”

“ಗಾಡಿ ವಾಪಸ್ ಕರಸ್ತೀವಿ.” ಅವನು ನೀರು ಕುಡಿದು ಲೋಟ ಇಟ್ಟ. “ಆದ್ರ ಕರಸೋದು ಕಂಪನಿ, ವಿಜಿ. ನಾ ಅಲ್ಲ.”

ಅವನು ಹೇಳಿದ್ದು ತಪ್ಪಲ್ಲ. ಕಿಟಕಿಯಾಚೆ ಮೋಡ ಕಟ್ಟಿತ್ತು. ಅವಳು ಫೋನಿನಲ್ಲಿ ಎರ್ಲೆನ್‌ರೀಡಿನ ಹವಾಮಾನ ನೋಡಿದಳು, ಫೋನ್ ಕೆಳಗಿಟ್ಟಳು, ಮತ್ತೆ ತೆಗೆದು ನೋಡಿದಳು.

ಶುಕ್ರವಾರ ಬೆಳಿಗ್ಗೆ ಆಫೀಸಿಗೆ ಹೊರಟಾಗಲೇ ಮಳೆ ಹಿಡಿದಿತ್ತು. ಬಸ್ ಸ್ಟಾಪಿನಲ್ಲಿ ನಿಂತು ಅವಳು ಲೆಹ್ನರನಿಗೆ ಫೋನ್ ಮಾಡಿದಳು. ನಿರ್ಧಾರ ಮಾಡಿ ಮಾಡಿದ್ದಲ್ಲ. ಕೈ ತಾನಾಗಿಯೇ ಒತ್ತಿತ್ತು. ರಿಂಗಾಗಿ ರಿಂಗಾಗಿ ನಿಂತುಹೋಯಿತು. ಮತ್ತೆ ಮಾಡಿದಳು. ಅವನ ಆಫೀಸಿನ ನಂಬರಿನಲ್ಲಿ ಸಂದೇಶ ಬಿಡಿ ಎಂಬ ಯಂತ್ರದ ದನಿ. ಪಂಪಿನ ಸದ್ದಿನಲ್ಲಿ ಅವನಿಗೆ ಫೋನ್ ಕೇಳಿಸುತ್ತಿಲ್ಲ, ಅಂದರೆ ಪಂಪು ಶುರುವಾಗಿದೆ ಎಂದು ಅವಳಿಗೆ ಹೊಳೆಯಿತು. ಹೊಳೆದ ಮೇಲೆ ಆಫೀಸಿನ ಬಸ್ಸು ಹತ್ತಲಾಗಲಿಲ್ಲ. ಸ್ಟೇಷನ್ನಿಗೆ ನಡೆದು, ಪಕ್ಕದ ಜಿಲ್ಲೆಯ ರೈಲು ಹಿಡಿದಳು. ಪವಿಯನ್ನು ಸ್ಕೂಲಿನಿಂದ ನೀವೇ ಕರಕೊಂಡು ಬರ್ರಿ ಎಂದು ರೈಲಿನಿಂದ ಗಂಡನಿಗೆ ಮೆಸೇಜ್ ಕಳಿಸಿದಳು. ಅವನು ಯಾಕೆಂದು ಕೇಳಲಿಲ್ಲ. ಆಯ್ತು ಎಂದಷ್ಟೇ ಬರೆದ.

ರೈಲಿಳಿದು ಬಸ್ಸು ಹಿಡಿದು ಎರ್ಲೆನ್‌ರೀಡಿನ ಹೊರಗೆ ಇಳಿದಾಗ ಮೊದಲು ಕೇಳಿಸಿದ್ದೇ ಪಂಪಿನ ಸದ್ದು. ಶಿಶುವಿಹಾರದ ಹಳದಿ ಗೋಡೆ, ಅದರ ಬೇಲಿಗೆ ಹೊಂದಿಕೊಂಡಂತೆ ಗುಂಡಿ, ಗುಂಡಿಯಿಂದ ದಾರಿ ದಾಟಿ ಹಳ್ಳಕ್ಕೆ ಇಳಿದಿದ್ದ ದಪ್ಪ ನೀಲಿ ಪೈಪು. ಪೈಪಿನ ಬಾಯಿಂದ ಬೂದುಬಣ್ಣದ ನೀರು ಬೀಳುತ್ತಿತ್ತು. ಬಿದ್ದ ಕಡೆಯಿಂದ ಹಳ್ಳ ಮಜ್ಜಿಗೆಯ ಹಾಗೆ ಕದಡಿತ್ತು. ಶಿಶುವಿಹಾರದ ಕಿಟಕಿಯ ಒಳಗೆ ಮಕ್ಕಳು ಸಾಲಾಗಿ ಕೂತು ಬಣ್ಣಬಣ್ಣದ ಲೋಟಗಳಲ್ಲಿ ಏನೋ ಕುಡಿಯುತ್ತಿದ್ದವು. ವಿಜಯಶ್ರೀ ಅತ್ತ ನೋಡಬಾರದೆಂದುಕೊಂಡಳು, ನೋಡಿದಳು.

ಲೆಹ್ನರ್ ದೊಡ್ಡ ಆಳು, ಹಳದಿ ರೈನ್‌ಕೋಟಿನಲ್ಲಿದ್ದ. ತಾನು ಯಾರೆಂದು ಅವಳು ಹೇಳಿದಾಗ ಅವನ ಮುಖ ಅರಳಿತು. ಇಂಥ ಮಳೆಯಲ್ಲಿ ಬಂದಿರಾ ಎಂದು ಫ್ಲಾಸ್ಕಿನಿಂದ ಕಾಫಿ ಸುರಿದು ಕೊಟ್ಟ. ಆ ಕಪ್ಪನ್ನು ಕೈಯಲ್ಲಿ ಹಿಡಿದುಕೊಂಡೇ ಅವಳು ಹೇಳಬೇಕಾಯಿತು. ಪುಟ ತಪ್ಪಿತ್ತು, ಇದು ಬಾವಿಗಳ ವಲಯ, ಅನುಮತಿ ಬೇಕಿತ್ತು. ಬಾಯಿಪಾಠ ಮಾಡಿಕೊಂಡು ಬಂದಿದ್ದ ಜರ್ಮನ್ ವಾಕ್ಯಗಳೆಲ್ಲ ಚೆಲ್ಲಾಪಿಲ್ಲಿಯಾದವು. ಆದರೂ ಅವನಿಗೆ ಅರ್ಥವಾಯಿತು. ಅವನು ಬಹಳ ಹೊತ್ತು ಪೈಪಿನ ಕಡೆಗೇ ನೋಡಿದ.

“ಪಂಪು ನಿಲ್ಲಿಸಿದರೆ ಗುಂಡಿ ತುಂಬುತ್ತದೆ,” ಎಂದ. “ತುಂಬಿದರೆ ಆ ಬೇಲಿಯ ಕೆಳಗಿನ ಮಣ್ಣು ಕುಸಿಯುತ್ತದೆ. ಬೇಲಿಯ ಆಚೆ ಮಕ್ಕಳು. ಈಗ ನೀವೇ ಹೇಳಿ, ನಾನು ಏನು ಮಾಡಲಿ?”

ಅದನ್ನು ಅವಳು ಯೋಚಿಸಿಯೇ ಇರಲಿಲ್ಲ. ನಿಲ್ಲಿಸಿ ಎಂದು ಹೇಳುವುದಷ್ಟೇ ತನ್ನ ಕೆಲಸ ಅಂದುಕೊಂಡಿದ್ದಳು. ಗುಂಡಿಯ ಅಂಚಿಗೆ ಹೋಗಿ ಬಗ್ಗಿ ನೋಡಿದಳು. ಬೇಲಿಯ ಕೆಳಗಿನ ಇಳಿಜಾರಿನಲ್ಲಿ ಆಗಲೇ ಒಂದು ಸಣ್ಣ ಬಿರುಕು. ತಳದಲ್ಲಿ ಹೊಸದಾಗಿ ಹಾಕಿದ ಕಾಂಕ್ರೀಟ್, ಅದರ ಮೇಲೆ ಮೊಣಕಾಲುದ್ದದ ಬೂದು ನೀರು. ಸಿಮೆಂಟಿನ ಕ್ಷಾರ ಬೆರೆತ ನೀರು ಮೀನಿಗೆ ವಿಷ ಎಂದು ಎಂದೋ ಓದಿದ್ದು ನೆನಪಾಯಿತು. ಬಾವಿಗಳು ಹಳ್ಳದ ಕೆಳಗಿನ ತಿರುವಿನಲ್ಲೇ ಇದ್ದವು. ಅಲ್ಲಿ ನೆಲ ಹೀರಿದ್ದೇ ಬಾವಿಯ ನೀರು.

ಜಿಲ್ಲಾ ಕಚೇರಿಯ ಜಲವಿಭಾಗದ ನೇರ ನಂಬರು ಅವಳ ಫೋನಿನಲ್ಲೇ ಇತ್ತು. ಶುಕ್ರವಾರ ಮಧ್ಯಾಹ್ನವಾದರೆ ಅಲ್ಲಿ ಯಾರೂ ಇರುವುದಿಲ್ಲ. ಫೋನ್ ಎತ್ತಿದ ಫ್ರೌ ವೈಗಲ್ ಎಂಬ ಅಧಿಕಾರಿ ಕೋಟು ಹಾಕಿಕೊಳ್ಳುತ್ತಿದ್ದಳೋ ಏನೋ, ಚುಟುಕಾಗಿ ಮಾತಾಡುತ್ತಿದ್ದಳು. ಕಾಂಕ್ರೀಟ್ ಎಂದ ಕೂಡಲೇ ಅವಳ ದನಿ ಬದಲಾಯಿತು. ನೀರಿನ ಬಣ್ಣ ಯಾವುದು, ಎಷ್ಟು ಹೊತ್ತಿನಿಂದ ಹರಿಯುತ್ತಿದೆ, ಎಣ್ಣೆ ತೇಲುತ್ತಿದೆಯೇ ಎಂದು ಒಂದೊಂದಾಗಿ ಕೇಳಿದಳು. ಈಗಲೇ ಪೈಪನ್ನು ಹಳ್ಳದಿಂದ ತೆಗೆಸಿ ಎಂದಳು. ಬೇಲಿ ಕುಸಿಯುವ ಭಯವಿದೆ ಎಂದು ವಿಜಯಶ್ರೀ ಹೇಳಿದಾಗ, ನೀರು ಹೀರುವ ಟ್ಯಾಂಕರ್ ಕಳಿಸುತ್ತೇನೆ, ಬರುವವರೆಗೆ ಊರಿನ ಕೊಳಚೆ ಚರಂಡಿಗೆ ಬಿಡಿ, ಅದಕ್ಕೆ ನಾನು ಬಾಯಿಮಾತಿನ ಒಪ್ಪಿಗೆ ಕೊಡುತ್ತಿದ್ದೇನೆ, ಮಕ್ಕಳನ್ನು ಬೇಲಿಯ ಕಡೆಯ ಕೋಣೆಯಿಂದ ಆಚೆ ಕೂರಿಸಿ ಎಂದಳು. ಬಾವಿಗಳನ್ನು ಮುಚ್ಚಿಸಲು ಈಗಲೇ ಹೇಳುತ್ತೇನೆ ಎಂದೂ ಸೇರಿಸಿದಳು. ಕೊನೆಗೆ ಕೇಳಿದಳು:

“ನೀವು ಗುತ್ತಿಗೆದಾರರ ಕಡೆಯವರೇ?”

“ಅಲ್ಲ,” ಎಂದಳು ವಿಜಯಶ್ರೀ. “ಅವರಿಗೆ ತಪ್ಪು ಮಾಹಿತಿ ಕೊಟ್ಟ ಕಡೆಯವಳು.”

ಲೆಹ್ನರ್ ಮತ್ತು ಅವನ ಇಬ್ಬರು ಕೆಲಸಗಾರರು ಪೈಪು ಎಳೆದು ಚರಂಡಿಯ ಬಾಯಿಗೆ ತಿರುಗಿಸಿದರು. ಅವಳು ಶಿಶುವಿಹಾರದ ಬಾಗಿಲು ತಟ್ಟಿ, ನಲ್ಲಿ ನೀರು ಕುಡಿಸಬೇಡಿ, ಮಕ್ಕಳನ್ನು ಮುಂದಿನ ಕೋಣೆಗೆ ಕರೆದೊಯ್ಯಿರಿ ಎಂದು ಹೇಳಿದಳು. ಬೆಳಗಿನಿಂದ ಮಕ್ಕಳು ಕುಡಿದದ್ದು ಅದೇ ನೀರಲ್ಲವೇ ಎಂದು ಅಲ್ಲಿನ ಟೀಚರ್ ಕೇಳಿದಳು.

ಟ್ಯಾಂಕರಿಗೆ ಕಾಯುತ್ತ ಅವಳು ವಿವಿಯನ್‌ಗೆ ಫೋನ್ ಮಾಡಿ ಕಂಡದ್ದನ್ನೆಲ್ಲ ಹೇಳಿದಳು. ಅವನು ಬೆಳಗಿನಿಂದ ವಿಲೀನವಾದ ಊರುಗಳನ್ನು ಹುಡುಕುತ್ತ ಕೂತಿದ್ದ. ಇನ್ನೂ ಕೆಲವು ಸಿಕ್ಕಿದ್ದವು; ಎಲ್ಲ ಸಿಕ್ಕಿವೆ ಎಂಬ ಧೈರ್ಯ ಇರಲಿಲ್ಲ.

“ಮಳೆ ಎಲ್ಲ ಕಡೆ ಉಂಟು ಇವತ್ತು,” ಅಂದ. “ನಾನು ಸೈಟನ್ನೇ ಬಂದ್ ಮಾಡಿ ಇಳಿಸ್ತೇನೆ.”

“ರೌಷರ್ ಮೇಡಂ ಅಲ್ಲಿ ಮ್ಯೂನಿಕ್‌ನ್ಯಾಗ ಈಗ ಅದನ್ನ ತೋರಸಾಕತ್ತಿರ್ತಾರ.”

“ಗೊತ್ತುಂಟು. ನೀವು ಹೇಳಿದ್ದಲ್ಲ ಇದು. ನಾನೇ ಇಳಿಸಿದ್ದು.”

ಅವಳು ಬೇಡ ಎನ್ನಲಿಲ್ಲ. ಹೂಂ ಎಂದೂ ಅನ್ನಲಿಲ್ಲ. ಆ ಹೊತ್ತಿಗೆ ಟ್ಯಾಂಕರ್ ಬಂತು.

ಬಾವಿಯ ನೀರಿನ ಪರೀಕ್ಷೆಯ ಫಲಿತಾಂಶ ಸೋಮವಾರಕ್ಕೆ ಎಂದಿದ್ದರು. ಶನಿವಾರ, ಭಾನುವಾರ ವಿಜಯಶ್ರೀ ಮನೆ ಒರೆಸಿದಳು, ಒರೆಸಿದ್ದನ್ನೇ ಮತ್ತೆ ಒರೆಸಿದಳು. ಎರ್ಲೆನ್‌ರೀಡಿಗೆ ಬೇರೆ ಊರಿನ ಕೊಳವೆಯಿಂದ ನೀರು ಕೊಡುತ್ತಿದ್ದಾರೆ, ಹಳ್ಳದಲ್ಲಿ ಮೀನು ಸತ್ತು ತೇಲಿವೆ ಎಂದು ಅಲ್ಲಿನ ಪತ್ರಿಕೆಯ ವೆಬ್‌ಸೈಟಿನಲ್ಲಿ ಬಂದಿತ್ತು. ಫೋಟೋದಲ್ಲಿ ಬೆಳ್ಳಗೆ ಮಗುಚಿದ ಹೊಟ್ಟೆಗಳು. ಮಕ್ಕಳ ಬಗ್ಗೆ ಒಂದು ಮಾತೂ ಇರಲಿಲ್ಲ. ಏನೂ ಆಗಿಲ್ಲದ್ದರಿಂದ ಬರೆದಿಲ್ಲವೋ, ಇನ್ನೂ ಗೊತ್ತಾಗಿಲ್ಲವೋ? ಪವಿ ನಲ್ಲಿಗೆ ಲೋಟ ಹಿಡಿದಾಗಲೆಲ್ಲ ವಿಜಯಶ್ರೀ ಒರೆಸುವುದನ್ನು ಬಿಟ್ಟು ನೋಡುತ್ತ ನಿಲ್ಲುತ್ತಿದ್ದಳು, ಈ ನೀರಿಗೂ ಆ ಬಾವಿಗೂ ಸಂಬಂಧವಿಲ್ಲವೆಂದು ಗೊತ್ತಿದ್ದರೂ. ಭಾನುವಾರ ಸಂತೋಷಕುಮಾರ ತಾನೇ ರೊಟ್ಟಿ ಬಡಿಯಲು ಹೋಗಿ ಹರಿದು, ಅದನ್ನೇ ತಂದು ಅವಳ ಮುಂದಿಟ್ಟ.

“ನೀ ಹೋಗದಿದ್ರ ಇವತ್ತ ಇನ್ನೂ ಹರೀತಿತ್ತು ಆ ನೀರು,” ಅಂದ. “ಅಷ್ಟ ನೆನಪಿಟ್ಕೊ. ಉಣ್ಣು.”

ಸೋಮವಾರ ಫ್ರೌ ವೈಗಲ್ ತಾನಾಗಿಯೇ ಫೋನ್ ಮಾಡಿದಳು. ಬಾವಿಗಳು ಸ್ವಚ್ಛವಾಗಿವೆ. ಕ್ಷಾರದ ನೀರು ಅಲ್ಲಿಗೆ ಮುಟ್ಟುವ ಮೊದಲೇ ನಿಂತಿತ್ತು. ಹಳ್ಳದ ಮೀನುಗಳ ವಿಚಾರದಲ್ಲಿ ಲೆಹ್ನರನ ಮೇಲೆ ವಿಚಾರಣೆ ನಡೆಯುತ್ತದೆ, ನಿಮ್ಮ ಆಫೀಸಿಗೂ ನೋಟಿಸು ಬರುತ್ತದೆ. ಕರೆ ಮಾಡಿ ಹೇಳಿದ್ದು ಒಳ್ಳೆಯದಾಯಿತು, ಅದನ್ನೂ ಬರೆಯುತ್ತೇನೆ ಎಂದಳು. ವಿಜಯಶ್ರೀ ಆಫೀಸಿನ ಶೌಚಾಲಯಕ್ಕೆ ಹೋಗಿ ಬಾಗಿಲು ಹಾಕಿಕೊಂಡು ಅತ್ತು, ಮುಖ ತೊಳೆದುಕೊಂಡು ಫ್ರೌ ರೌಷರಳ ಕೋಣೆಗೆ ನಡೆದಳು.

ಫ್ರೌ ರೌಷರ್ ಕೂಗಾಡಲಿಲ್ಲ. ಸಭೆಯ ಎದುರು ಪಿನ್‌ಕೋಡ್ ಒತ್ತಿದಾಗ ಪರದೆ ಬೆಳ್ಳಗಾದದ್ದನ್ನು, ಹಿಂದಿನ ಸಾಲಿನಲ್ಲಿ ಯಾರೋ ನಕ್ಕದ್ದನ್ನು ಹೇಳಿದಳು. ನೀನು ನನ್ನ ಮಾತು ಮೀರಿದೆ ಎಂದಳು. ವಿಜಯಶ್ರೀ ಹೌದು ಎಂದಳು. ಆದರೂ ಜಿಲ್ಲಾ ಕಚೇರಿ ನಿನ್ನ ಪರವಾಗಿ ಬರೆಯುತ್ತಿದೆ, ನಿನ್ನನ್ನು ಇಟ್ಟುಕೊಳ್ಳುತ್ತೇನೆ ಎಂದಳು ಫ್ರೌ ರೌಷರ್. ವಿವಿಯನ್‌ನ ಒಪ್ಪಂದ ಮಾತ್ರ ಇವತ್ತಿಗೆ ಮುಗಿಯಿತು. ಹೇಳದೆ ಕೇಳದೆ ಸೈಟ್ ಇಳಿಸುವವನ ಕೈಗೆ ನಾನು ಸೈಟ್ ಕೊಡಲಾರೆ. ತಾನೂ ಆಗ ಬೇಡವೆನ್ನಲಿಲ್ಲ ಎಂದು ವಿಜಯಶ್ರೀ ಹೇಳಿದಳು. ಫ್ರೌ ರೌಷರ್ ಕಂಪ್ಯೂಟರಿನ ಕಡೆ ತಿರುಗಿದ್ದಳು.

ಅವಳು ರಾಜೀನಾಮೆ ಬರೆದಿಟ್ಟುಕೊಂಡೇ ವಿವಿಯನ್‌ಗೆ ಫೋನ್ ಮಾಡಿದಳು. ಅವನ ದನಿ ದಣಿದಿತ್ತು.

“ಎಂತ ಹುಚ್ಚು ಮಾರಾಯ್ತಿ,” ಅಂದ, ಮೊದಲ ಸಲ ಮೇಡಂ ಬಿಟ್ಟು. “ನೀವೂ ಹೋದ್ರೆ ಆ ಊರುಗಳನ್ನೆಲ್ಲ ನೋಡುವವರು ಯಾರು? ನನಗೆ ಬೇರೆ ಕೆಲಸ ಸಿಗ್ತದೆ. ನಾನು ಮಾಡಿದ ಪಟ್ಟಿ ಕಳಿಸ್ತೇನೆ, ಅಲ್ಲಿಂದ ಶುರು ಮಾಡಿ.”

ಅವಳು ಅಲ್ಲಿಂದಲೇ ಶುರು ಮಾಡಿದಳು. ಚಳಿಗಾಲವೆಲ್ಲ ಒಂದೊಂದು ಊರಿನ ಕಚೇರಿಗೂ ಫೋನ್ ಮಾಡಿ, ಓದಿ ಹೇಳಿ, ಸರಿಯೇ ಎಂದು ಕೇಳಿದಳು. ಕೆಲವರು ರೇಗಿದರು, ಕೆಲವರು ತಮ್ಮದೇ ನಿಯಮ ತಮಗೆ ಗೊತ್ತಿಲ್ಲದೆ ತಡಕಾಡಿದರು. ವಿವಿಯನ್‌ಗೆ ಯೇನಾದಲ್ಲೇ ಲೆನ್ಸ್ ಮಾಡುವ ಕಂಪನಿಯೊಂದರಲ್ಲಿ ಕೆಲಸ ಸಿಕ್ಕಿತು. ಅದು ಅವನಿಗೆ ಇಷ್ಟವಿಲ್ಲದ ಕೆಲಸವೆಂದು ಅವನು ಹೇಳದಿದ್ದರೂ ಅವಳಿಗೆ ತಿಳಿಯುತ್ತಿತ್ತು. ಸೈಟ್ ಮತ್ತೆ ತೆರೆದದ್ದು ಮಾರ್ಚಿನಲ್ಲಿ.

ಏಪ್ರಿಲಿನ ಒಂದು ಬೆಳಿಗ್ಗೆ ಲೆಹ್ನರ್ ಫೋನ್ ಮಾಡಿದ. ದಂಡ ಕಟ್ಟಿದ ಮೇಲೆ ಅವನು ಮಾತಾಡುತ್ತಾನೆಂದು ಅವಳು ಎಣಿಸಿರಲಿಲ್ಲ. ಬೇರೊಂದು ಊರಿನಲ್ಲಿ ಗುಂಡಿ ತೋಡುತ್ತಿದ್ದೇನೆ ಎಂದ. ಹಿಂದೆ ಯಾವುದೋ ಯಂತ್ರದ ಸದ್ದು.

“ನಿಮ್ಮ ಪುಟ ಓದಿದೆ,” ಎಂದ. “ಈಗ ಬಾಯಿಬಿಟ್ಟು ಹೇಳಿ. ಅಲ್ಲಿರುವುದು ನಿಜವೇ?”

ಆ ಪುಟವನ್ನು ಅವಳು ತಾನೇ ಬರೆದಿದ್ದಳು, ತಾನೇ ಫೋನ್ ಮಾಡಿ ಖಚಿತಪಡಿಸಿಕೊಂಡಿದ್ದಳು. ಹೌದು ಎನ್ನಲು ಹೊರಟವಳು ಪರದೆಯ ಮೇಲೆ ಅದನ್ನು ಮತ್ತೆ ತೆರೆದಳು.

“ಸ್ವಲ್ಪ ಹೊತ್ತು ಕೊಡಿ, ಹೆರ್ ಲೆಹ್ನರ್,” ಎಂದಳು. “ಜಿಲ್ಲಾ ಕಚೇರಿಗೆ ಇನ್ನೊಂದು ಸಲ ಕೇಳಿ ನಾನೇ ಫೋನ್ ಮಾಡುತ್ತೇನೆ.”

ಕಾಯುತ್ತೇನೆ ಎಂದ ಅವನು. ಅವಳು ಇನ್ನೊಂದು ಫೋನ್ ಎತ್ತಿಕೊಂಡಳು.